ಇಂಗ್ಲಿಷಿನ ವಿ, ಡಬ್ಲ್ಯೂ: ಎರಡಕ್ಕೂ ನಮ್ಮ ‘ವ’ ಸಾಕೇ?

ಪ್ರಶ್ನೆ
ದ್ರಾಕ್ಷಿಬಳ್ಳಿ ಎಂಬರ್ಥದ ವೈನ್ ವಿ ಅಕ್ಷರದ್ದು, ಕುಡಿಯುವ ವೈನ್ ಡಬ್ಲ್ಯೂದು. ನನ್ನ ಬಾಯಲ್ಲಿ ಎರಡೂ ಒಂದೇ ಥರ ಬರುತ್ತವೆ. ತುಟಿ, ಹಲ್ಲು ಎಲ್ಲಿರಬೇಕು ಅಂತ ಯಾರಾದರೂ ಬಿಡಿಸಿ ಹೇಳುತ್ತೀರಾ?

ಉತ್ತರ 1
ಸಾಲದು. ಕನ್ನಡದ ‘ವ’ ಇವೆರಡರ ನಡುವೆ ನಿಲ್ಲುತ್ತದೆ. ಕೆಳತುಟಿ ಮೇಲ್ಹಲ್ಲಿನ ಹತ್ತಿರ ಹೋಗುತ್ತದೆ, ಆದರೆ ಉಸಿರು ಉಜ್ಜಿಕೊಂಡು ಹೊರಬರುವಷ್ಟು ತಾಗುವುದಿಲ್ಲ. ಅದಕ್ಕೇ ಇಂಗ್ಲಿಷ್ ಮಾತೃಭಾಷೆಯವರಿಗೆ ನಮ್ಮ ವಿ ಒಮ್ಮೊಮ್ಮೆ ಡಬ್ಲ್ಯೂ ಥರ, ಡಬ್ಲ್ಯೂ ವಿ ಥರ ಕೇಳಿಸುವುದು.

ವಿ ಧ್ವನಿಗೆ ‘ಫ್ಯಾನ್’ ಪದದ ಮೊದಲ ಧ್ವನಿಯಿಂದ ಹೊರಡಿ. ಕೆಳತುಟಿಯ ಒಳ ಅಂಚನ್ನು ಮೇಲಿನ ಮುಂಹಲ್ಲುಗಳ ತುದಿಗೆ ಹಗುರವಾಗಿ ತಾಗಿಸಿ ಮೂರು ಸೆಕೆಂಡ್ ಉಸಿರು ಬಿಡಿ. ತುಟಿ, ಹಲ್ಲು ಕದಲಿಸದೆ ಅದಕ್ಕೇ ದನಿ ಸೇರಿಸಿ. ಗಂಟಲ ಮೇಲಿಟ್ಟ ಬೆರಳಿಗೆ ಕಂಪನ ತಿಳಿಯಬೇಕು, ತುಟಿಯಲ್ಲಿ ಕಚಗುಳಿ ಆಗಬೇಕು. ಎರಡೂ ಆದರೆ ವಿ ಬಂತು. ತುಟಿಯನ್ನು ಕಚ್ಚಬೇಡಿ: ಗಾಳಿ ಕಟ್ಟಿಕೊಂಡು, ಬಿಟ್ಟೊಡನೆ ‘ಬ’ದಂತೆ ಸಿಡಿಯುತ್ತದೆ.

ಉತ್ತರ 2
ಡಬ್ಲ್ಯೂನಲ್ಲಿ ಹಲ್ಲಿಗೆ ಕೆಲಸವೇ ಇಲ್ಲ. ‘ಊ’ ಎನ್ನುವಂತೆ ತುಟಿ ದುಂಡಗೆ ಮಾಡಿ. ನಾಲಿಗೆಯ ಹಿಂಭಾಗ ತಾನಾಗಿಯೇ ಮೃದು ಅಂಗುಳಿನತ್ತ ಏರುತ್ತದೆ. ಅಲ್ಲಿ ನಿಲ್ಲದೆ ಮುಂದಿನ ಸ್ವರಕ್ಕೆ ಜಾರಿ: ‘ಉಐನ್’. ‘ಉ’ ಮೇಲೆ ನಿಂತರೆ ಪದ ಎರಡು ತುಂಡಾಗುತ್ತದೆ. ಕನ್ನಡಿ ನೋಡಿಕೊಂಡು ಹೇಳಿ. ಶುರುವಿನಲ್ಲಿ ಕೆಳತುಟಿ ಹಲ್ಲಿನತ್ತ ಸರಿದರೆ ಅದು ಮತ್ತೆ ಕನ್ನಡದ ‘ವ’.

‘ವುಡ್’, ‘ವುಲ್’ ನಿಜಕ್ಕೂ ಕಷ್ಟದವು. ಮುಂದಿನ ಸ್ವರವೂ ದುಂಡಗಿನದೇ ಆದ್ದರಿಂದ ಡಬ್ಲ್ಯೂ ಅದರಲ್ಲೇ ಕರಗಿಹೋಗುತ್ತದೆ. ಮೊದಲು ತುಟಿಯನ್ನು ಇನ್ನಷ್ಟು ಕಿರಿದು ಮಾಡಿ, ಆಮೇಲೆ ಸಡಿಲಿಸಿ. ‘ಕ್ವಿಕ್’, ‘ಟ್ವಿನ್’ ಪದಗಳಲ್ಲಿ ಮೊದಲ ವ್ಯಂಜನ ಹೇಳುವಾಗಲೇ ತುಟಿ ದುಂಡಗಿರಬೇಕು. ಕಾಗುಣಿತವನ್ನೂ ನಂಬಬೇಡಿ: ಒಂದು ಎಂಬರ್ಥದ ‘ಒನ್’ ಬರೆಯುವುದು ಓ ಅಕ್ಷರದಿಂದ, ಶುರುವಾಗುವುದು ಡಬ್ಲ್ಯೂ ಧ್ವನಿಯಿಂದ.

ಪ್ರಶ್ನೆ ಕೇಳಿದವರು
ಧನ್ಯವಾದ. ಬಿಡಿ ಪದಗಳು ಬರುತ್ತಿವೆ. ‘ವೆರಿ ವೆಲ್’ ಎಂದಾಗ ಮಾತ್ರ ಎರಡೂ ವಿ ಆಗುತ್ತಿವೆ. ‘ಲೀವ್’ ಕೂಡ ‘ಲೀವು’ ಆಗುತ್ತಿದೆ.

ಉತ್ತರ 1
‘ವೆರಿ’ ಮುಗಿಯುವಾಗ ತುಟಿ ಅಗಲವಾಗಿರುತ್ತದೆ, ದುಂಡಗಾಗಲು ಸಮಯ ಸಿಗುವುದಿಲ್ಲ. ‘ವೆರಿ–ಊ–ಎಲ್’ ಎಂದು ಬಿಡಿಸಿ ಹೇಳಿ, ನಡುವಿನ ‘ಊ’ವನ್ನು ಸ್ವಲ್ಪಸ್ವಲ್ಪವೇ ಕುಗ್ಗಿಸುತ್ತ ಬನ್ನಿ. ‘ಲೀವ್’ ಕೊನೆಯಲ್ಲಿ ತುಟಿ ಹಲ್ಲಿಗೆ ತಾಗಿದ್ದಂತೆಯೇ ದನಿ ನಿಲ್ಲಿಸಿ. ದನಿ ಇರುವಾಗಲೇ ತುಟಿ ಬಿಟ್ಟರೆ ‘ಉ’ ಸೇರಿಕೊಳ್ಳುತ್ತದೆ. ಅಲ್ಲಿ ವಿ ಜೋರಾಗಿರಬೇಕಿಲ್ಲ. ‘ಲೀಫ್’ಗಿಂತ ‘ಈ’ಯನ್ನು ಉದ್ದ ಎಳೆದರೆ ಕೇಳುವವರಿಗೆ ವ್ಯತ್ಯಾಸ ಗೊತ್ತಾಗುತ್ತದೆ.