ಬಲಗಡೆ ಆಲ್ಟ್ ಕೀ ಕೈಕೊಡ್ತಿದೆ, ಎಕ್ಸ್‌ಇವಿ ಬಳಸಿದವರು ಹೇಳಿ

ವಿದ್ಯಾನಗರ, ದಾವಣಗೆರೆ: ಉಬುಂಟು 22.04 (ಲಿನಕ್ಸ್) ಲ್ಯಾಪ್‌ಟಾಪ್. ಬಲಗಡೆಯ ಆಲ್ಟ್ ಒಮ್ಮೊಮ್ಮೆ ಸತ್ತ ಹಾಗೆ ಇರುತ್ತೆ. ಟರ್ಮಿನಲ್‌ನಲ್ಲಿ ಎಕ್ಸ್‌ಇವಿ (ಕೀ ಒತ್ತಿದರೆ ಏನು ಬಂತು ಅಂತ ತೋರಿಸುವ ಪ್ರೋಗ್ರಾಂ) ಓಡಿಸಿ ನೋಡು ಅಂದರು ಗೆಳೆಯರು. ಕೀಬೋರ್ಡ್ ಬದಲಿಸುವ ಮೊದಲು ಅದರಿಂದ ಏನಾದರೂ ಗೊತ್ತಾಗುತ್ತಾ?

ಡಿಟಿಪಿ ಅಂಗಡಿ, ಮಂಡಿಪೇಟೆ: ಗೊತ್ತಾಗುತ್ತೆ ಸ್ವಾಮಿ, ನನ್ನ ದುಡ್ಡು ಹೋದ ಮೇಲೆ ಗೊತ್ತಾಯಿತು. ಲಗ್ನಪತ್ರಿಕೆ ಸೀಸನ್. ಕಂಟ್ರೋಲ್ ಹಿಡಿದು ಸ್ಪೇಸ್ ಒತ್ತಿದರೆ ಕನ್ನಡಕ್ಕೆ ಹೋಗಬೇಕು, ಹೋಗ್ತಿಲ್ಲ. ರಿಪೇರಿಯವನು ಸ್ಪೇಸ್‌ಬಾರ್ ಹೋಗಿದೆ ಅಂದ. ಹೊಸ ಕೀಬೋರ್ಡಿಗೆ 2,400, ಬಿಚ್ಚಿ ಕೂರಿಸಿದ್ದಕ್ಕೆ 350, ಎರಡು ಸ್ಕ್ರೂ ಅವನ ಹತ್ತಿರವೇ ಉಳಿದವು. ರೋಗ ಹಾಗೇ ಇತ್ತು. ಆಮೇಲೆ ಎಕ್ಸ್‌ಇವಿ ಓಡಿಸಿದೆ. ಕಂಟ್ರೋಲ್‌ಗೆ ಕೀಕೋಡ್, ಅಂದರೆ ಆ ಕೀಯ ನಂಬರ್, 37 ಬಂತು. ಸ್ಪೇಸ್‌ನ 65 ಬರಲೇ ಇಲ್ಲ, ಆ ಜಾಗದಲ್ಲಿ ಫೋಕಸ್‌ಔಟ್, ಮೋಡ್ ನೋಟಿಫೈಗ್ರ್ಯಾಬ್. ಅಂದರೆ ಬೇರೆ ಪ್ರೋಗ್ರಾಂ ಆ ಜೋಡಿಯನ್ನು ಮೊದಲೇ ಹಿಡಿದುಕೊಂಡಿತ್ತು. ಹುಡುಗ ಹಾಕಿದ್ದ ಕ್ಲಿಪ್‌ಬೋರ್ಡ್ ಆ್ಯಪ್ ತೆಗೆದೆ, ಸರಿಹೋಯಿತು.

ಇಂಜಿನಿಯರಿಂಗ್ ವಿದ್ಯಾರ್ಥಿ: ಅಂಕಲ್, ನಿಮ್ಮದು ಎಕ್ಸ್11 ಇರಬೇಕು, ತೆರೆ ಮೇಲೆ ಕಿಟಕಿಗಳನ್ನು ನಡೆಸುವ ಹಳೆ ವ್ಯವಸ್ಥೆ. 22.04 ಸಾಮಾನ್ಯವಾಗಿ ಅದರ ಬದಲಿಗೆ ಬಂದ ವೇಲ್ಯಾಂಡ್‌ನಲ್ಲಿ ಏಳುತ್ತೆ. ಅಲ್ಲಿ ಎಕ್ಸ್‌ಇವಿ ನೋಡೋದು ಎಕ್ಸ್‌ವೇಲ್ಯಾಂಡ್ (ಹಳೆ ಎಕ್ಸ್11 ಪ್ರೋಗ್ರಾಂಗಳಿಗೆ ಸೇತುವೆ) ಮೂಲಕ ತನ್ನ ಕಿಟಕಿಗೆ ಬಂದದ್ದನ್ನು ಮಾತ್ರ. ಶಾರ್ಟ್‌ಕಟ್‌ಗಳನ್ನು ಡೆಸ್ಕ್‌ಟಾಪ್ ಮೊದಲೇ ನುಂಗಿರುತ್ತೆ. ವೇಲ್ಯಾಂಡ್‌ಗೆ ಅದೇ ಕೆಲಸದ ಡಬ್ಲ್ಯುಇವಿ ಹಾಕ್ಕೊಳ್ಳಿ. ಪ್ರಾಜೆಕ್ಟ್ ಡೆಮೊ ಹಿಂದಿನ ರಾತ್ರಿ ಪೂರ್ತಿ ಎಕ್ಸ್‌ಇವಿ ನಂಬಿ ಹಾಳಾಯಿತು, ಬೆಳಿಗ್ಗೆ ಬೆಣ್ಣೆ ದೋಸೆನೂ ರುಚಿಸಲಿಲ್ಲ.

ಹರಿಹರದವನು: ಎರಡೂ ಬೇಡ. ಕಿಟಕಿವರೆಗೆ ಬಂದಿದ್ದನ್ನಷ್ಟೇ ಅವು ತೋರಿಸೋದು. ಸುಡೋ (ಅಡ್ಮಿನ್ ಅನುಮತಿ) ಹಾಕಿ ಇವಿಟೆಸ್ಟ್ ಓಡಿಸಿ, ಅದು ಕೀ ಒತ್ತಿದ್ದನ್ನು ನೇರ ಕರ್ನಲ್‌ನಿಂದ, ಅಂದರೆ ಸಿಸ್ಟಂನ ತಿರುಳಿನಿಂದ ಓದುತ್ತೆ. ಬಲ ಆಲ್ಟ್ ನಂಬರ್ ಅಲ್ಲಿ 100, ಎಕ್ಸ್‌ಇವಿಯಲ್ಲಿ 108. ಯಾವಾಗಲೂ 8 ಜಾಸ್ತಿ, ಗಾಬರಿ ಬೇಡ. ಇವಿಟೆಸ್ಟ್ ಸಾಲಿನ ಕೊನೆಗೆ ಒತ್ತಿದರೆ 1, ಬಿಟ್ಟರೆ 0, ಹಿಡಿದೇ ಇದ್ದರೆ 2. ನನ್ನ ಕೀಬೋರ್ಡಿಗೆ ಚಹಾ ಬಿದ್ದಿತ್ತು. ಇವಿಟೆಸ್ಟ್‌ನಲ್ಲೂ ಸಾಲು ಬರಲಿಲ್ಲ, ಅಂದರೆ ಕೀಬೋರ್ಡೇ ಹೋಗಿದೆ, ಅಲ್ಲಿಗೆ ಕಥೆ ಮುಗೀತು. ಕ್ಲೀನಿಂಗ್‌ಗೆ 200 ದಂಡ, ಈಗ 650ರ ಯುಎಸ್‌ಬಿ ಕೀಬೋರ್ಡ್. ಎಲ್ಲ ಅಂಗಡಿಯವರೂ ಮೊದಲು ಇದನ್ನೇ ಮಾಡಬೇಕಿತ್ತು.

ಡಿಟಿಪಿ ಅಂಗಡಿ: ಯಾರಿಗೆ ಹೇಳ್ತಿದ್ದೀರಿ? ನನ್ನ ಕೇಸಿನಲ್ಲಿ ಇವಿಟೆಸ್ಟ್ ಎಲ್ಲ ಸರಿ ಅಂತಿತ್ತು. ಕೀ ಕದ್ದ ಪ್ರೋಗ್ರಾಂ ಹೆಸರು ಅದು ಹೇಳುತ್ತಾ?

ಹರಿಹರದವನು: ಎಕ್ಸ್‌ಇವಿ ಹೇಳಿತಾ ಹೆಸರು? ನೀವೇ ಊಹೆ ಮಾಡಿದ್ದಲ್ವಾ. ಆದರೂ ಕೀಬೋರ್ಡ್ ಚೆನ್ನಾಗಿದೆ ಅಂತ ಗೊತ್ತಾಗಿ 2,750 ಉಳೀತಿತ್ತು.

ಇಂಜಿನಿಯರಿಂಗ್ ವಿದ್ಯಾರ್ಥಿ: ಇವಿಟೆಸ್ಟ್ ಓಡಿಸಿಟ್ಟು ಪಾಸ್‌ವರ್ಡ್ ಹೊಡೀಬೇಡಿ, ಅದೂ ತೆರೆ ಮೇಲೆ ಬರುತ್ತೆ. ಅಂದಹಾಗೆ ಅಂಕಲ್, ಇನ್ನೂ ಕೆಜಿಪಿ (ಕನ್ನಡ ಗಣಕ ಪರಿಷತ್ತಿನ) ಕೀಬೋರ್ಡ್ ವಿನ್ಯಾಸವಾ? ಭಾರತೀಯ ಭಾಷೆಗಳಿಗೆಲ್ಲ ಒಂದೇ ತರಹದ ಇನ್‌ಸ್ಕ್ರಿಪ್ಟ್ ವಿನ್ಯಾಸ ಕಲಿತರೆ ಹಿಂದಿ, ತೆಲುಗಿಗೂ ಆಗುತ್ತೆ.

ಡಿಟಿಪಿ ಅಂಗಡಿ: ನನಗೆ ತೆಲುಗು ಲಗ್ನಪತ್ರಿಕೆ ಯಾರು ಕೊಡ್ತಾರೆ? ಒತ್ತಕ್ಷರಕ್ಕೆ ಎಫ್ ಒತ್ತಿ ಪಳಗಿದ ಬೆರಳು ಈಗ ಡಿ ಹುಡುಕಬೇಕಾ? ಒಂದು ಪುಟ ಟೈಪ್ ಮಾಡಿ ತೋರಿಸಪ್ಪ, ಆಮೇಲೆ ಮಾತಾಡು.

ಹರಿಹರದವನು: ಕೆಜಿಪಿ ಪರ ನಾನೂ ಇದ್ದೀನಿ. ಆದರೆ ಆ ಎರಡು ಸ್ಕ್ರೂ ವಾಪಸ್ ಇಸ್ಕೊಳ್ಳಿ ಮೊದಲು.