ಓದುಗರ ಸ್ಪಂದನ: ಕನಸು ಮರೆತರೂ ಸಿಟ್ಟು ಹೋಗುವುದಿಲ್ಲ

ಕಳೆದ ಸಂಚಿಕೆಯ ಸಮಸ್ಯೆ: ಗಂಡ ಬಿಟ್ಟುಹೋದಂತೆ ಬೆಳಗಿನ ಜಾವ ಕನಸು ಬೀಳುತ್ತದೆ. ಎದ್ದ ಮೇಲೆ ಮಧ್ಯಾಹ್ನದವರೆಗೂ ಅವರ ಮೇಲೆ ಸಿಟ್ಟು. ಬೆಳಗಿನ ಕನಸು ನಿಜವಾಗುತ್ತದಂತೆ ಎಂಬ ಅಂಜಿಕೆ ಬೇರೆ. — ಓದುಗರೊಬ್ಬರು, ತೀರ್ಥಹಳ್ಳಿ

ತೀರ್ಥಹಳ್ಳಿಯ ತಂಗಿಗೆ,
ಮೊದಲು ಆ ಅಂಜಿಕೆ ಬಿಡಿ. ನಿದ್ರೆ ಸುಮಾರು 90 ನಿಮಿಷದ ಸುತ್ತುಗಳಲ್ಲಿ ಸಾಗುತ್ತದೆ. ಕಣ್ಣುಗುಡ್ಡೆ ಸರಸರ ಆಡುವ ಕನಸಿನ ಹಂತ ಮೊದಲ ಸುತ್ತಿನಲ್ಲಿ ಕೆಲವೇ ನಿಮಿಷ, ಬೆಳಗಿನ ಜಾವದಲ್ಲಿ ಅತಿ ಉದ್ದ. ಅದರ ನಡುವೆಯೇ ಎಚ್ಚರವಾಗುವುದರಿಂದ ಆ ಕನಸು ನೆನಪಿನಲ್ಲಿ ಉಳಿಯುತ್ತದೆ, ಅಷ್ಟೇ. ಆಗ ಮೆದುಳಿನಲ್ಲಿ ಭಯ, ಸಿಟ್ಟಿಗೆ ಸಂಬಂಧಿಸಿದ ಅಮಿಗ್ಡಲಾ ಎಂಬ ಭಾಗ ಚುರುಕಾಗಿರುತ್ತದೆ. ತೂಗಿ ನೋಡುವ ಮುಂಭಾಗ ಮಂಕಾಗಿರುತ್ತದೆ. ಎದ್ದ ಮೇಲೂ ಅರ್ಧ ಗಂಟೆಯಷ್ಟು ಆ ಮಂಕು ಇರಬಹುದು. ಕನಸಿನ ಚಿತ್ರ ಅಳಿಸಿಹೋಗುತ್ತದೆ, ಬಿಗಿದ ದವಡೆ, ಎದೆಬಡಿತ ಹಾಗೇ ಇರುತ್ತವೆ. ಕಾರಣ ಹುಡುಕುವ ಮನಸ್ಸಿಗೆ ಕಾಫಿ ಕೇಳಿಕೊಂಡು ಬಂದ ಗಂಡನೇ ಸಿಗುತ್ತಾರೆ!

ಅಡಿಕೆ ಸುಲಿದು ಹನ್ನೆರಡಕ್ಕೆ ಮಲಗಿ, ನಾಲ್ಕೂವರೆಗೆ ಬಚ್ಚಲ ಒಲೆಗೆ ಬೆಂಕಿ ಹಾಕಲು ಎದ್ದರೆ ಇದು ಇನ್ನೂ ಹೆಚ್ಚು. ಆದಷ್ಟು ಬೇಗ ಮಲಗಿ. ‘ಇನ್ನು ಹತ್ತು ನಿಮಿಷ’ ಎಂದು ಅಲಾರಾಂ ಒತ್ತಿ ಮಲಗಿದರೆ ಮತ್ತೆ ಕನಸಿಗೇ ಜಾರಬಹುದು. ಎದ್ದು ಕುಳಿತು ‘ಒಂಟಿಯಾಗುತ್ತೇನೆಂಬ ಹೆದರಿಕೆ, ಕನಸಿನದು’ ಎಂದು ಬಾಯಿಬಿಟ್ಟು ಹೇಳಿಕೊಳ್ಳಿ. ನಾಲ್ಕು ಎಣಿಸುತ್ತ ಉಸಿರೆಳೆದು ಆರು ಎಣಿಸುತ್ತ ಬಿಡಿ, ಐದು ನಿಮಿಷ. ಬೆಳಕು ಹರಿದ ಮೇಲೆ ಅಂಗಳದಲ್ಲಿ ಓಡಾಡಿ; ಮಳೆಗಾಲದ ಮೋಡದಡಿಯ ಬೆಳಕೂ ಒಳಗಿನ ಟ್ಯೂಬ್‌ಲೈಟಿಗಿಂತ ಎಷ್ಟೋ ಹೆಚ್ಚು. ಮೊದಲ ಒಂದು ಗಂಟೆ ದುಡ್ಡು, ನೆಂಟರ ವಿಷಯ ಎತ್ತಲೇಬೇಡಿ. ಗಂಡನಿಗೆ ‘ಕೆಟ್ಟ ಕನಸು ಬಿತ್ತು, ಸ್ವಲ್ಪ ಹೊತ್ತು ಮಾತಾಡಿಸಬೇಡಿ’ ಎಂದರೆ ಸಾಕು. ಕನಸಿನಲ್ಲಿ ಅವರೇನು ಮಾಡಿದರೆಂದು ಆಗಲೇ ವಿವರಿಸಿದರೆ ಆರೋಪದಂತೆಯೇ ಕೇಳಿಸುತ್ತದೆ.
— ಮನಶ್ಶಾಸ್ತ್ರ ಉಪನ್ಯಾಸಕಿ, ಶಿವಮೊಗ್ಗ

ಅದೇ ಕನಸು ಮತ್ತೆ ಮತ್ತೆ ಬೀಳುತ್ತಿದ್ದರೆ ಅದನ್ನೇ ತಿದ್ದಿ ಬರೆಯಬಹುದು. ದುಃಸ್ವಪ್ನಕ್ಕೆ ಚಿಕಿತ್ಸಕರು ಕಲಿಸುವ ವಿಧಾನವಿದು. ಹಗಲಿನ ಬಿಡುವಿನಲ್ಲಿ ಕನಸನ್ನು ಐದಾರು ಸಾಲು ಬರೆಯಿರಿ. ನಿಮಗೆ ಬೇಕಾದ ಕಡೆ ಬದಲಿಸಿ: ಆಗುಂಬೆ ಬಸ್ಸು ಹತ್ತಿದವರು ಛತ್ರಿ ಮರೆತೆನೆಂದು ಇಳಿದು ಬಂದರು, ಇಬ್ಬರೂ ಜಗಲಿಯಲ್ಲಿ ಕೂತಿರಿ. ಈ ಹೊಸ ಕತೆಯನ್ನು ಕಣ್ಣುಮುಚ್ಚಿ, ಮಳೆಯ ಸದ್ದು ಸಮೇತ, ದಿನಾ 10–20 ನಿಮಿಷ ಕಲ್ಪಿಸಿಕೊಳ್ಳಿ. ಕೆಲವು ವಾರ ಬೇಕು. ಹಲವರು ಎಡವುವುದು ಎರಡು ಕಡೆ: ಹಳೆಯ ಕನಸನ್ನೇ ಓದುತ್ತ ಕೂರುತ್ತಾರೆ, ಇಲ್ಲವೇ ನಾಲ್ಕು ದಿನಕ್ಕೆ ಬಿಡುತ್ತಾರೆ. ನಿಜವಾಗಿ ನಡೆದ ಆಘಾತ ಕನಸಿನಲ್ಲಿ ಬರುತ್ತಿದ್ದರೆ ಒಬ್ಬರೇ ಮಾಡಬೇಡಿ, ಆಪ್ತಸಮಾಲೋಚಕರು ಜೊತೆಗಿರಲಿ.
— ಆಪ್ತಸಮಾಲೋಚಕ, ಹೊಸನಗರ

ಮಾತ್ರೆ ಏನಾದರೂ ತೆಗೆದುಕೊಳ್ಳುತ್ತಿದ್ದೀರಾ? ಬಿಪಿಗೆ ಕೊಡುವ ಪ್ರೊಪ್ರಾನೊಲಾಲ್, ಖಿನ್ನತೆಯ ಕೆಲವು ಮಾತ್ರೆಗಳು ಕನಸನ್ನು ಗಾಢವಾಗಿಸಬಹುದು. ತಾವಾಗಿಯೇ ನಿಲ್ಲಿಸದೆ ವೈದ್ಯರಿಗೆ ಹೇಳಿ. ಗೊರಕೆಯ ನಡುವೆ ಉಸಿರು ಕಟ್ಟಿದರೆ, ನಿದ್ದೆಯಲ್ಲೇ ಕೈಕಾಲು ಬೀಸಿದರೆ ಖಂಡಿತ ತೋರಿಸಿ. ಎರಡು ವಾರ ದಿನವಿಡೀ ಮನಸ್ಸು ಕುಗ್ಗಿಯೇ ಇದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ. ಹಗಲು ರಾತ್ರಿ ಯಾವಾಗ ಬೇಕಾದರೂ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು, ಸೇವೆ ಉಚಿತ.
— ನಿವೃತ್ತ ನರ್ಸ್, ಸಾಗರ