ಮೊಡವೆ ಏಳುವ ಸೂಕ್ಷ್ಮ ಚರ್ಮಕ್ಕೆ ಎಲೆಕ್ಟ್ರಿಕ್ ಫೇಸ್ ಬ್ರಷ್ ಬಳಸಬಹುದೇ?

ಪ್ರಶ್ನೆ (ಬದಿಯಡ್ಕದಿಂದ)

ನಾನು ಬದಿಯಡ್ಕದ ಸಮೀಪದವಳು, ಪದವಿ ತರಗತಿಯಲ್ಲಿ ಓದುತ್ತಿದ್ದೇನೆ. ಕೆನ್ನೆ ಮತ್ತು ಗಲ್ಲದ ಮೇಲೆ ಒಂದು ಮೊಡವೆ ಮಾಗುವಷ್ಟರಲ್ಲಿ ಪಕ್ಕದಲ್ಲಿ ಇನ್ನೊಂದು ಏಳುತ್ತದೆ, ಮಾಗಿದ ಜಾಗದಲ್ಲಿ ಕಂದು ಕಲೆ ತಿಂಗಳುಗಟ್ಟಲೆ ಉಳಿಯುತ್ತದೆ. ಚರ್ಮವೂ ಸೂಕ್ಷ್ಮವಾದದ್ದು, ಸೋಪು ಬದಲಿಸಿದರೆ ಸಾಕು, ಉರಿಯತೊಡಗುತ್ತದೆ. ಚರ್ಮವೈದ್ಯರು ರಾತ್ರಿ ಹೊತ್ತು ಹಚ್ಚಲು ಅಡಾಪಲಿನ್ ಜೆಲ್ ಬರೆದುಕೊಟ್ಟಿದ್ದಾರೆ, ಅದನ್ನು ಇತ್ತೀಚೆಗಷ್ಟೇ ಆರಂಭಿಸಿದ್ದೇನೆ.

ಮಂಗಳೂರಿನಲ್ಲಿ ಕೆಲಸದಲ್ಲಿರುವ ಅಕ್ಕ ನನಗಾಗಿ ಒಂದು ಎಲೆಕ್ಟ್ರಿಕ್ ಫೇಸ್ ಬ್ರಷ್ ತಂದುಕೊಟ್ಟಿದ್ದಾಳೆ. ಅದರ ತಲೆಗೆ ನೈಲಾನ್ ಕೂದಲಿದೆ, ಎರಡು ವೇಗಗಳಿವೆ. ರಜೆಯಲ್ಲಿ ಅಡಿಕೆ ತೋಟದ ಕೆಲಸಕ್ಕೆ ನಾನೂ ಕೈಜೋಡಿಸುವುದರಿಂದ ಬೆವರು, ಧೂಳು ತಪ್ಪಿದ್ದಲ್ಲ. ಕೈಯಿಂದ ತೊಳೆದರೆ ಸಾಲದು ಎಂದು ಅನ್ನಿಸುತ್ತದೆ. ಬ್ರಷ್ ಬಳಸಿದರೆ ಮೊಡವೆ ಕಡಿಮೆಯಾದೀತೇ? ಆರಂಭದಲ್ಲಿ ಮೊಡವೆ ಹೆಚ್ಚಾಗುತ್ತದೆ, ಅದು ಒಳಗಿನ ಕಶ್ಮಲ ಹೊರಬರುವ ಲಕ್ಷಣ, ಬಿಡದೆ ಮುಂದುವರಿಸಬೇಕು ಎಂದು ಕೆಲವು ವೀಡಿಯೊಗಳಲ್ಲಿ ಹೇಳುತ್ತಾರೆ. ಇದು ನಿಜವೇ?

ಉತ್ತರ 1 (ಕುಂಬಳೆಯಿಂದ)

ನಾನು ಫಾರ್ಮಸಿಸ್ಟ್. ನಿಮ್ಮ ವಯಸ್ಸಿನವರು ಇದೇ ಪ್ರಶ್ನೆಯನ್ನು ಅಂಗಡಿಯಲ್ಲಿ ಕೇಳುತ್ತಲೇ ಇರುವುದರಿಂದ ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ಮೊಡವೆ ಕೊಳೆಯಿಂದ ಹುಟ್ಟುವುದಲ್ಲ. ಕೂದಲಿನ ಬುಡದಲ್ಲಿರುವ ಕಿರುಗೊಳವೆಯೊಳಗೆ ಸತ್ತ ಕೋಶಗಳು ಉದುರದೆ ಒಂದಕ್ಕೊಂದು ಅಂಟಿಕೊಂಡಾಗ ಅವುಗಳ ಹಿಂದೆ ಜಿಡ್ಡು ಕಟ್ಟಿಕೊಳ್ಳುತ್ತದೆ. ಅಲ್ಲಿ ಸಹಜವಾಗಿಯೇ ವಾಸಿಸುವ ಕ್ಯೂಟಿಬ್ಯಾಕ್ಟೀರಿಯಂ ಆಕ್ನೆಸ್ ಎಂಬ ಬ್ಯಾಕ್ಟೀರಿಯಾ ಬೆಳೆದು, ಉರಿಯೂತ ಉಂಟಾಗಿ, ನಾವು ಕನ್ನಡಿಯಲ್ಲಿ ಕಾಣುವ ಕೆಂಪು ಗುಳ್ಳೆ ಮೂಡುತ್ತದೆ. ಜಿಡ್ಡು ಎಷ್ಟು ಒಸರಬೇಕೆಂಬುದನ್ನು ಬಹುಮಟ್ಟಿಗೆ ನಿರ್ಧರಿಸುವುದು ಆಂಡ್ರೊಜೆನ್ ಹಾರ್ಮೋನುಗಳು. ಬ್ರಷ್ ತಲುಪುವುದು ಚರ್ಮದ ಮೇಲ್ಮೈಯನ್ನು ಮಾತ್ರ. ಅಲ್ಲಿರುವ ಸನ್‌ಸ್ಕ್ರೀನ್, ಮೇಕಪ್, ಬೆವರಿನ ಲವಣಗಳನ್ನು ಅದು ಚೆನ್ನಾಗಿಯೇ ತೆಗೆಯುತ್ತದೆ, ಆದರೆ ಗೊಳವೆಯೊಳಗಿನ ತಡೆಯನ್ನು ಬಿಡಿಸುವ ಕೆಲಸ ಅದರಿಂದ ಆಗುವುದಿಲ್ಲ. ಆ ಕೆಲಸವನ್ನು ಮಾಡುವುದು ನಿಮ್ಮ ವೈದ್ಯರು ಕೊಟ್ಟಿರುವ ಅಡಾಪಲಿನ್.

ನನ್ನ ಕಳವಳವೂ ಅಲ್ಲಿಯೇ ಇದೆ. ಅಡಾಪಲಿನ್ ಹಚ್ಚತೊಡಗಿದ ಮೊದಲ ಕೆಲವು ವಾರಗಳಲ್ಲಿ ಚರ್ಮ ಕೆಂಪಾಗುವುದು, ಸಿಪ್ಪೆ ಏಳುವುದು, ಒಣಗುವುದು ಸಾಮಾನ್ಯ. ಅಂತಹ ಚರ್ಮವನ್ನು ನೈಲಾನ್ ಕೂದಲಿನಿಂದ ಉಜ್ಜಿದರೆ ನೀರಿನಂಶವನ್ನು ಹಿಡಿದಿಡುವ ಹೊರಪದರಕ್ಕೇ ಗಾಯವಾಗುತ್ತದೆ, ಆಮೇಲೆ ಉರಿ ತಾಳಲಾರದೆ ನೀವು ಜೆಲ್ಲನ್ನೇ ನಿಲ್ಲಿಸಿಬಿಡುವ ಸಾಧ್ಯತೆ ಹೆಚ್ಚು. ಪ್ರಯೋಜನ ಕಾಣಲು ಎಂಟರಿಂದ ಹನ್ನೆರಡು ವಾರ ಬೇಕಾಗುವ ಔಷಧವನ್ನು ನಡುವೆಯೇ ಕೈಬಿಡುವುದು ದೊಡ್ಡ ನಷ್ಟ. ಇನ್ನೂ ಒಂದು ಮಾತಿದೆ: ನಮ್ಮ ಮೈಬಣ್ಣದವರಲ್ಲಿ ಉರಿಯೂತ ಹೆಚ್ಚಿದಷ್ಟೂ ಅದು ಬಿಟ್ಟುಹೋಗುವ ಕಂದು ಕಲೆಯೂ ಗಾಢವಾಗುತ್ತದೆ. ಕೆಂಪು ಮೊಡವೆಯನ್ನು ಉಜ್ಜಿದರೆ ನಿಮಗೆ ಬೇಸರ ತಂದಿರುವ ಕಲೆಗಳನ್ನೇ ಹೆಚ್ಚಿಸಿಕೊಂಡಂತೆ.

ವೀಡಿಯೊದವರ ಮಾತನ್ನು ದಯವಿಟ್ಟು ನಂಬಬೇಡಿ. ಅಡಾಪಲಿನ್‌ನಂತಹ ರೆಟಿನಾಯ್ಡ್‌ಗಳು (ವಿಟಮಿನ್ ಎ ಗುಂಪಿನ ಔಷಧಗಳು) ಕೋಶಗಳ ಹುಟ್ಟು ಮತ್ತು ಉದುರುವಿಕೆಯನ್ನು ಚುರುಕುಗೊಳಿಸುವುದರಿಂದ ಆರಂಭದಲ್ಲಿ ಮೊಡವೆ ಹೆಚ್ಚಿದಂತೆ ಕಾಣುವುದುಂಟು. ಬ್ರಷ್‌ಗೆ ಅಂತಹ ಗುಣವಿಲ್ಲ. ಬ್ರಷ್ ಬಳಸತೊಡಗಿದ ಮೇಲೆ ಹೊಸ ಗುಳ್ಳೆಗಳು ಎದ್ದರೆ ಅದನ್ನು ಘರ್ಷಣೆಯ ಪರಿಣಾಮವೆಂದೇ ತಿಳಿದು ನಿಲ್ಲಿಸಬೇಕು. ಅಮೆರಿಕದ ಚರ್ಮವೈದ್ಯರ ಅಕಾಡೆಮಿ ಮೊಡವೆ ಇರುವವರಿಗೆ ಕೊಡುವ ಸಲಹೆಯೂ ಸರಳವಾಗಿದೆ: ದಿನಕ್ಕೆ ಎರಡು ಬಾರಿ ಮತ್ತು ಬೆವರಿದ ನಂತರ, ಸೌಮ್ಯ ಕ್ಲೆನ್ಸರ್ ಮತ್ತು ಉಗುರು ಬೆಚ್ಚಗಿನ ನೀರಿನಿಂದ, ಬೆರಳ ತುದಿಯಲ್ಲಿಯೇ ತೊಳೆಯಬೇಕು.

ಉತ್ತರ 2 (ಮಂಜೇಶ್ವರದಿಂದ)

ಮೇಲಿನ ಮಾತುಗಳನ್ನು ಒಪ್ಪುತ್ತೇನೆ, ಆದರೆ ಬ್ರಷ್ ಎಂದರೆ ಎಲ್ಲವೂ ಒಂದೇ ಅಲ್ಲ ಎಂಬುದನ್ನೂ ಸೇರಿಸಬೇಕೆನಿಸಿತು. ನನ್ನದೂ ಸೂಕ್ಷ್ಮ ಚರ್ಮವೇ. ಮೊಡವೆ ಪೂರ್ತಿ ಹತೋಟಿಗೆ ಬಂದ ನಂತರವೇ ನಾನು ಸಿಲಿಕೋನ್ ಬ್ರಷ್ ಬಳಸಲು ಆರಂಭಿಸಿದ್ದು, ಅದೂ ವಾರಕ್ಕೊಮ್ಮೆ, ದಪ್ಪ ಸನ್‌ಸ್ಕ್ರೀನ್ ಹಚ್ಚಿದ ದಿನ ಮಾತ್ರ. ಚರ್ಮ ನುಣುಪಾಗಿರುತ್ತದೆ ಎಂಬುದು ನಿಜ. ಮೊಡವೆ ಕಡಿಮೆಯಾದದ್ದು ಔಷಧದಿಂದ, ಅದರ ಶ್ರೇಯಸ್ಸನ್ನು ಬ್ರಷ್‌ಗೆ ಕೊಡಲಾರೆ.

ಈ ಸಾಧನಗಳನ್ನು ಜನಪ್ರಿಯಗೊಳಿಸಿದ್ದು 2004ರಲ್ಲಿ ಮಾರಾಟಕ್ಕೆ ಬಂದ ಕ್ಲಾರಿಸೋನಿಕ್. ಅದರ ತಲೆ ಸುತ್ತುತ್ತಿರಲಿಲ್ಲ, ಸೆಕೆಂಡಿಗೆ 300ಕ್ಕೂ ಹೆಚ್ಚು ಸಲ ಅತಿ ಕಿರಿದಾದ ಅಂತರದಲ್ಲಿ ಹಿಂದಕ್ಕೂ ಮುಂದಕ್ಕೂ ಅದುರುತ್ತಿತ್ತು. ಅಗ್ಗದ ಬ್ರಷ್‌ಗಳಲ್ಲಿ ಹಲವು ಚಕ್ರದಂತೆ ಪೂರ್ತಿ ಸುತ್ತುತ್ತವೆ, ಆದ್ದರಿಂದ ಚರ್ಮವನ್ನು ಎಳೆದುಕೊಂಡು ಹೋಗುತ್ತವೆ. ನಿಮ್ಮದು ಯಾವ ಬಗೆ ಎಂಬುದನ್ನು ಮೊದಲು ಅಂಗೈಯ ಮೇಲಿಟ್ಟು ನೋಡಿ. ಕ್ಲಾರಿಸೋನಿಕ್ಕನ್ನು 2011ರಲ್ಲಿ ಕೊಂಡ ಸೌಂದರ್ಯವರ್ಧಕಗಳ ಕಂಪನಿ ಲೊರಿಯಾಲ್ 2020ರಲ್ಲಿ ಅದನ್ನು ಮುಚ್ಚಿತು. ನೈಲಾನ್ ತಲೆಯನ್ನು ಸುಮಾರು ಮೂರು ತಿಂಗಳಿಗೊಮ್ಮೆ ಬದಲಿಸಬೇಕಾಗುವುದರಿಂದ, ನಿಮ್ಮ ಬ್ರಷ್‌ಗೆ ಬದಲಿ ತಲೆ ದೊರೆಯುತ್ತದೆಯೇ ಎಂದು ವಿಚಾರಿಸಿಕೊಳ್ಳುವುದು ಒಳ್ಳೆಯದು.

ನಮ್ಮ ಕಡೆಯ ಮಳೆಗಾಲವನ್ನೂ ಮರೆಯಬಾರದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬೈರಾಸೇ ಒಣಗದ ಮನೆಯಲ್ಲಿ ಒತ್ತೊತ್ತಾದ ನೈಲಾನ್ ಕೂದಲಿನ ಬುಡ ಹೇಗೆ ಒಣಗೀತು? ತೇವ ಉಳಿದಲ್ಲಿ ಬ್ಯಾಕ್ಟೀರಿಯಾ, ಬೂಸು ಎರಡೂ ಬೆಳೆಯುತ್ತವೆ. ಸಿಲಿಕೋನಿನಲ್ಲಿ ರಂಧ್ರಗಳಿಲ್ಲದ ಕಾರಣ ಬೇಗ ಒಣಗುತ್ತದೆ, ತೊಳೆಯುವುದೂ ಸುಲಭ. ಯಾವುದೇ ಆಗಲಿ, ಬಚ್ಚಲುಮನೆಯಲ್ಲಿ ಇಡದೆ ಗಾಳಿಯಾಡುವಲ್ಲಿ ಇಡಬೇಕು, ಇನ್ನೊಬ್ಬರೊಂದಿಗೆ ಹಂಚಿಕೊಳ್ಳಬಾರದು.

ಉತ್ತರ 3 (ಮುಳ್ಳೇರಿಯದಿಂದ)

ತೋಟದ ಕೆಲಸ ಎಂದು ಬರೆದಿದ್ದೀರಿ, ಅದರ ಬಗ್ಗೆ ಯಾರೂ ಹೇಳಲಿಲ್ಲವೆಂದು ಬರೆಯುತ್ತಿದ್ದೇನೆ. ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಸಿಂಪಡಿಸುವ ದಿನಗಳಲ್ಲಿ ನೀವು ಮರದ ಕೆಳಗೆ ಇದ್ದರೆ ಅದರಲ್ಲಿರುವ ಮೈಲುತುತ್ತು, ಸುಣ್ಣದ ಹನಿಗಳು ಮುಖದ ಮೇಲೆ ಬೀಳುತ್ತವೆ. ಎರಡೂ ಚರ್ಮವನ್ನು ಕೆರಳಿಸುವಂಥವು. ಆಗ ಮುಖ ಮುಚ್ಚಿಕೊಳ್ಳುವುದು, ಹನಿ ಬಿದ್ದ ಕೂಡಲೇ ಸಾಕಷ್ಟು ನೀರಿನಿಂದ ತೊಳೆಯುವುದು ಮುಖ್ಯ. ಉಜ್ಜಿದರೆ ಉರಿ ಹೆಚ್ಚುತ್ತದೆ. ಆ ದಿನ ಬ್ರಷ್ ಬೇಡವೇ ಬೇಡ.

ತಲೆಗೆ ತೆಂಗಿನೆಣ್ಣೆ ಹಚ್ಚಿ ಮಲಗುವ ಅಭ್ಯಾಸವಿದ್ದರೆ ಅದನ್ನೂ ಗಮನಿಸಿ. ಎಣ್ಣೆ ಹಣೆಗೆ, ತಲೆದಿಂಬಿನಿಂದ ಕೆನ್ನೆಗೆ ಇಳಿದು ಕಿರುಗೊಳವೆಗಳನ್ನು ಮುಚ್ಚಬಲ್ಲದು. ಸ್ನಾನಕ್ಕೆ ಮುಂಚೆ ಹಚ್ಚಿ ತೊಳೆದುಬಿಟ್ಟರೆ ಸಾಕು, ಎಣ್ಣೆಯನ್ನೇ ಬಿಡಬೇಕಾಗಿಲ್ಲ. ಹಾಗೆಯೇ, ಹಣೆ ಮತ್ತು ಬೆನ್ನಿನ ಮೇಲೆ ಒಂದೇ ಗಾತ್ರದ, ತುರಿಸುವ ಸಣ್ಣ ಗುಳ್ಳೆಗಳಿದ್ದರೆ ಅವು ಮೊಡವೆಯಾಗಿರದೆ ಮಲಸೀಜಿಯ ಎಂಬ ಶಿಲೀಂಧ್ರದಿಂದ ಬಂದಿರಬಹುದು. ಸೆಕೆಯಲ್ಲಿ ಬೆವರುವವರಲ್ಲಿ ಇದು ಕಾಣಿಸುತ್ತದೆ, ಚಿಕಿತ್ಸೆಯೂ ಬೇರೆ. ಮುಂದಿನ ಸಲ ವೈದ್ಯರಿಗೆ ತಪ್ಪದೆ ತೋರಿಸಿ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಕೃತಜ್ಞತೆಗಳು. ನನ್ನ ಬ್ರಷ್ ಸುತ್ತುವ ಬಗೆಯದೇ ಎಂದು ಈಗ ನೋಡಿದೆ. ಅಕ್ಕನಿಗೆ ಮೊಡವೆ ಇಲ್ಲ, ಅವಳೇ ಬಳಸಲಿ ಎಂದು ಹಿಂದಿರುಗಿಸುತ್ತೇನೆ. ತೋಟದಿಂದ ಬಂದ ಮೇಲೆ ತೊಳೆಯಲು ಯಾವ ಬಗೆಯ ಕ್ಲೆನ್ಸರ್ ಆರಿಸಬೇಕು? ಮನೆಯಲ್ಲಿ ಮೈಸೋಪನ್ನೇ ಮುಖಕ್ಕೂ ಹಚ್ಚುತ್ತೇವೆ.

ಉತ್ತರ 1 (ಕುಂಬಳೆಯಿಂದ)

ಮೈಸೋಪು ಕ್ಷಾರೀಯ, ಅದರ ಪಿಎಚ್ (ಆಮ್ಲೀಯವೋ ಕ್ಷಾರೀಯವೋ ಎಂದು ತಿಳಿಸುವ ಅಳತೆ) ಸಾಮಾನ್ಯವಾಗಿ 9ರಿಂದ 10. ಆರೋಗ್ಯವಂತ ಚರ್ಮದ್ದು 5ರ ಆಸುಪಾಸು. ಸುವಾಸನೆ ಇಲ್ಲದ, ಸೋಪುರಹಿತ ಎಂದು ಬರೆದಿರುವ ಕ್ಲೆನ್ಸರ್ ಆರಿಸಿ. ಸ್ಯಾಲಿಸಿಲಿಕ್ ಆಮ್ಲವಿರುವ ಫೇಸ್‌ವಾಶ್ ಅನ್ನು ಅಡಾಪಲಿನ್‌ಗೆ ಚರ್ಮ ಒಗ್ಗುವವರೆಗೆ ಮುಂದೂಡಿ. ತೊಳೆದ ನಂತರ ಬೈರಾಸಿನಿಂದ ಉಜ್ಜದೆ ಮೆದುವಾಗಿ ಒತ್ತಿ ಒರೆಸಿಕೊಳ್ಳಿ, ಮುಖ ಪೂರ್ತಿ ಒಣಗಿದ ಮೇಲೆ ಕಡಲೆಕಾಳಿನಷ್ಟು ಜೆಲ್ಲನ್ನು ಮೊಡವೆಯ ಮೇಲಷ್ಟೇ ಅಲ್ಲದೆ ಮೊಡವೆ ಬರುವ ಭಾಗಕ್ಕೆಲ್ಲ ತೆಳುವಾಗಿ ಹಚ್ಚಿ. ಹಗಲು ತೋಟಕ್ಕೆ ಇಳಿಯುವ ಮುಂಚೆ ಎಸ್‌ಪಿಎಫ್ 30 ಅಥವಾ ಅದಕ್ಕಿಂತ ಹೆಚ್ಚಿನ ಸನ್‌ಸ್ಕ್ರೀನ್ ಇರಲಿ, ಕಲೆಗಳು ಗಾಢವಾಗದಂತೆ ತಡೆಯಲು ಅದು ಬೇಕೇ ಬೇಕು.